ಗಾಳಿ ಮಳೆಗೆ ಬಿದ್ದ ಕೊಂಬೆ, ಸೊಪ್ಪು, ಶೀಟು: ನಿಮ್ಮ ಬೀದಿಯಲ್ಲಿ ಏನು ಮಾಡುತ್ತೀರಿ?

ನಾಲ್ಕನೇ ಕ್ರಾಸ್ – ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ಮಂಗಳವಾರ ಸಂಜೆಯ ಗಾಳಿ ಮಳೆ ಇಪ್ಪತ್ತು ನಿಮಿಷ ಇತ್ತೇನೋ, ಅಷ್ಟೇ. ಅಷ್ಟರಲ್ಲೇ ನಮ್ಮ ಬೀದಿಯ ಗುಲ್‌ಮೊಹರ್ ಬುಡಸಮೇತ ಉರುಳಿತು. ಎರಡು ಮರಗಳ ದೊಡ್ಡ ಕೊಂಬೆಗಳು ಮುರಿದು ನೇತಾಡಿದವು. ಮೂಲೆಮನೆಯವರ ಮಹಡಿಯ ಸಿಮೆಂಟ್ ಶೀಟು ಹಾರಿ ಎದುರು ಮನೆ ಕಾಂಪೌಂಡಿಗೆ ಬಡಿದು ಚೂರಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ.

ನಾನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಹೋದ ವರ್ಷ ನಾವೇ ಮಾಡಿದ ಒಂದು ತಪ್ಪು. ಆಗಲೂ ಭರಣಿ ಮಳೆಯಲ್ಲಿ ಹೀಗೇ ಕೊಂಬೆಗಳು ಬಿದ್ದಿದ್ದವು. ಎಲ್ಲರೂ ಅವರವರ ಮನೆ ಮುಂದಿನದನ್ನು ಎಳೆದು ತಂದು ಪಾರ್ಕಿನ ಮೂಲೆಗೆ ಹಾಕಿದೆವು. ಎರಡು ದಿನ ಅದು ಬರೀ ಸೊಪ್ಪಿನ ಗುಡ್ಡೆ. ಮೂರನೇ ದಿನ ಯಾರೋ ಹಳೇ ಹಾಸಿಗೆ ತಂದು ಅದರ ಮೇಲೆ ಹಾಕಿದರು. ಆಮೇಲೆ ಥರ್ಮಾಕೋಲ್ ಬಂತು, ಡೈಪರ್ ಬಂತು, ಒಡೆದ ಕಮೋಡ್ ಕೂಡ ಬಂತು. ಒಂದು ವಾರ ಬಿಟ್ಟು ಟ್ರ್ಯಾಕ್ಟರ್ ಬಂದಾಗ, ತುಂಬಲು ಬಂದವರು ಕೆಳಗಿಳಿದು ಗುಡ್ಡೆಯ ಸುತ್ತ ಒಂದು ಸುತ್ತು ಬಂದರು. "ಬರೀ ಸೊಪ್ಪಾಗಿದ್ರೆ ಗೊಬ್ಬರಕ್ಕೆ ಹೋಗೋದು ಸ್ವಾಮಿ. ಇದನ್ನ ಎಲ್ಲಿಗೆ ಹಾಕೋಣ?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಗುಡ್ಡೆ ಇಪ್ಪತ್ತೆರಡು ದಿನ ಹಾಗೇ ಬಿದ್ದಿತ್ತು. ಒಂದು ರಾತ್ರಿ ಯಾರೋ ಬೆಂಕಿ ಇಟ್ಟರು.

ಪಕ್ಕದಲ್ಲೇ ಒಂದು ಬೇವಿನ ಮರ ಇದೆ. ಗಾಳಿಗೆ ಒಂದು ಕಡ್ಡಿಯೂ ಮುರಿಯದೆ ನಿಂತಿದ್ದ ಮರ. ಬೆಂಕಿ ತಗುಲಿದ ಕಡೆ ತೊಗಟೆ ಅಂಗೈ ಅಗಲ ಸೀಳಿದೆ, ಒಳಗೆಲ್ಲ ಇದ್ದಿಲ ಬಣ್ಣ. ಈ ಯುಗಾದಿಗೆ ಒಂದು ಮಗ್ಗುಲು ಚಿಗುರಿತು, ಇನ್ನೊಂದು ಮಗ್ಗುಲು ಚಿಗುರಲೇ ಇಲ್ಲ. ಬೆಳಗ್ಗೆ ಹಾಲಿಗೆ ಹೋಗುವಾಗ ದಿನಾ ನೋಡುತ್ತೇನೆ.

ಅದಕ್ಕೇ ಈ ಸಲ ಬುಧವಾರ ಬೆಳಗ್ಗೆ ಆರಕ್ಕೆ ಹನ್ನೊಂದು ಮನೆಯವರು ಸೇರಿದೆವು. ಮೊದಲ ದಿನವೇ ಎಲ್ಲ ಬೇರೆ ಬೇರೆ ಆಗಬೇಕು ಅಂತ ತೀರ್ಮಾನ ಮಾಡಿದೆವು. ಸೊಪ್ಪು ಮತ್ತು ಸಣ್ಣ ಕಡ್ಡಿ ಒಂದು ಕಡೆ. ತೋಳಿಗಿಂತ ದಪ್ಪ ಇರುವ ಕೊಂಬೆ ಇನ್ನೊಂದು ಕಡೆ. ಶೀಟು, ಹೆಂಚು, ಇಟ್ಟಿಗೆ ಚೂರು ಬೇರೆ. ಗುಡ್ಡೆ ಹಾಕಿದ ಜಾಗ ಟ್ರಾನ್ಸ್‌ಫಾರ್ಮರ್‌ನಿಂದ ದೂರ, ಮೋರಿಯಿಂದ ದೂರ, ಲಾರಿ ಹತ್ತಿರ ಬಂದು ನಿಲ್ಲುವ ಹಾಗೆ. ರಾತ್ರಿ ವೈರ್ ಬಿದ್ದಿತ್ತು ಅಂತ ಬೀದಿಯ ಎರಡೂ ತುದಿಗೆ ಹಗ್ಗ ಕಟ್ಟಿ, ಕರೆಂಟಿನವರ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ, ಸರದಿ ಮೇಲೆ ಕಾವಲು ನಿಂತಿದ್ದೆವು.

ನಿಮ್ಮ ಕಡೆ ಹೇಗೆ ಮಾಡುತ್ತೀರಿ? ನಮಗೆ ಗೊತ್ತಿಲ್ಲದ್ದು ಬಹಳ ಇದೆ. ದಯವಿಟ್ಟು ಬರೆಯಿರಿ.


ಹಳೇ ಕಂಬ – ಹೆಬ್ಬಾಳ, ಮೈಸೂರು

ಹಗ್ಗ ಕಟ್ಟಿ ಕಾವಲು ನಿಂತಿರಲ್ಲ ಸರ್, ಅದಕ್ಕೆ ಕೈ ಮುಗಿಯುತ್ತೇನೆ. ಮೂವತ್ತು ವರ್ಷ ಲೈನ್ ಕೆಲಸ ಮಾಡಿ ನಿವೃತ್ತನಾದವನು ನಾನು. ಮಳೆ ನಿಂತ ಮೇಲಿನ ಮೊದಲ ಒಂದು ಗಂಟೆ ಬಗ್ಗೆ ನಾಲ್ಕು ಮಾತು ಹೇಳಲೇಬೇಕು.

ಬೀದಿ ದೀಪ ಆರಿದೆ, ಮನೆಯಲ್ಲಿ ಕರೆಂಟ್ ಇಲ್ಲ, ಆದ್ದರಿಂದ ಬಿದ್ದ ತಂತಿ ಸತ್ತಿದೆ ಅಂತ ಜನ ತಿಳಿಯುತ್ತಾರೆ. ಹಾಗೆ ನಂಬಬೇಡಿ. ಒಂದು ಫೇಸ್ ಹೋಗಿ ಇನ್ನೊಂದು ಇರಬಹುದು. ಸರಿಯಾಗಿ ಜೋಡಿಸದ ಇನ್ವರ್ಟರ್ ಅಥವಾ ಜನರೇಟರ್ ಇದ್ದರೆ, ಯಾರದೋ ಮನೆಯಿಂದ ಕರೆಂಟ್ ಹಿಂದಕ್ಕೆ ಲೈನಿಗೆ ಹರಿಯಬಹುದು. ಕೇಬಲ್ ಟಿವಿ ವೈರ್ ಅಂತ ಎತ್ತಿ ಪಕ್ಕಕ್ಕೆ ಹಾಕುವವರನ್ನೂ ನೋಡಿದ್ದೇನೆ. ಆ ಕೇಬಲ್ ಮೇಲುಗಡೆ ಎಲ್ಲಿ ಕರೆಂಟ್ ತಂತಿಗೆ ತಾಗಿದೆ ಅಂತ ಕೆಳಗೆ ನಿಂತವರಿಗೆ ಕಾಣುವುದಿಲ್ಲ.

ಕನಿಷ್ಠ ಹತ್ತು ಮೀಟರ್ ದೂರ ಇರಿ. ಒದ್ದೆ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ, ಅದಕ್ಕೇ ತಂತಿಗೆ ತಾಗಿರುವ ಕೊಂಬೆಯನ್ನು ಮುಟ್ಟಬೇಡಿ. 11 ಸಾವಿರ ವೋಲ್ಟ್ ಲೈನಿಗೆ ಹವಾಯಿ ಚಪ್ಪಲಿ ಲೆಕ್ಕಕ್ಕಿಲ್ಲ. ನಡೆಯುವಾಗ ಪಾದದಲ್ಲಿ ಜುಮ್ ಅಂದರೆ ಓಡಬೇಡಿ. ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ, ಚೂರುಚೂರೇ ಸರಿಯುತ್ತಾ ಹಿಂದೆ ಬನ್ನಿ. ಕಾಲು ಅಗಲಿಸಿದರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಮೈಯೊಳಗಿಂದಲೇ ಕರೆಂಟ್ ಹಾಯುತ್ತದೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಹುಡುಗ ಇದೇ ರೀತಿ ಹೋದ. ಅವನಿಗೆ ಇಪ್ಪತ್ತಾರು ವರ್ಷ.

ಲೈನ್ ಬಿಡಿಸಿದ್ದಾರೆ, ಭೂಮಿಗೆ ಅರ್ಥ್ ಹಾಕಿದ್ದಾರೆ ಅಂತ ಕೆಲಸದವರು ಬಾಯಿಬಿಟ್ಟು ಹೇಳುವ ತನಕ ಮಚ್ಚು, ಗರಗಸ ಹೊರಗೆ ತೆಗೆಯಬೇಡಿ.


ಕಾಲುವೆ ಪಕ್ಕದ ಮನೆ – ರಾಮಕೃಷ್ಣನಗರ, ಮೈಸೂರು

ನಾನು ಇಲ್ಲಿ ಯಾವತ್ತೂ ಬರೆದವಳಲ್ಲ, ಓದುತ್ತೇನೆ ಅಷ್ಟೇ. ಇವತ್ತು ಬರೆಯಲೇಬೇಕು ಅನ್ನಿಸಿತು. ನೀವು ಮೋರಿಯಿಂದ ದೂರ ಗುಡ್ಡೆ ಹಾಕಿದ್ದೇವೆ ಅಂದಿರಲ್ಲ ಸರ್, ಅದನ್ನು ಎಲ್ಲ ಬಡಾವಣೆಯವರೂ ಮಾಡಿದರೆ ನಮ್ಮ ಮನೆಯೊಳಗೆ ನೀರು ಬರುವುದು ಅರ್ಧಕ್ಕರ್ಧ ಕಡಿಮೆ ಆಗುತ್ತದೆ.

ಪೂರ್ಣಯ್ಯ ನಾಲೆ ಎಲ್ಲರಿಗೂ ಗೊತ್ತಲ್ವಾ? ದಿವಾನ್ ಪೂರ್ಣಯ್ಯನವರು ಮೈಸೂರಿಗೆ ಕಾವೇರಿ ನೀರು ತರಬೇಕು ಅಂತ ತೋಡಿಸಲು ಹೊರಟ ಕಾಲುವೆ. ಆ ನೀರಂತೂ ಬರಲಿಲ್ಲ, ಈಗ ಅದು ಮಳೆ ನೀರು ಹರಿಯುವ ದಾರಿ. ಅಂಥ ಕಾಲುವೆಗಳ ಆಸುಪಾಸು ಇರುವ ನಮಗೆ ಮೇಲಿನ ಬೀದಿಗಳಲ್ಲಿ ಯಾರು ಏನು ಗುಡಿಸಿ ಮೋರಿಗೆ ತಳ್ಳಿದರು ಅನ್ನುವುದು ಒಂದು ಗಂಟೆಯೊಳಗೆ ಗೊತ್ತಾಗುತ್ತದೆ.

ಕಟ್ಟಿಕೊಳ್ಳುವುದು ಹೇಗೆ ಅಂತ ಹತ್ತಿರದಿಂದ ನೋಡಿದ್ದೇನೆ. ಮೊದಲು ಒಂದು ತೆಂಗಿನ ಗರಿ ಬರುತ್ತದೆ. ಅದು ಸೇತುವೆ ಬಾಯಿಗೆ ಅಡ್ಡ ಕೂರುತ್ತದೆ. ಒಂದೇ ಗರಿ, ಅದರಿಂದ ನೀರು ನಿಲ್ಲುವುದಿಲ್ಲ. ಆದರೆ ಅದರ ಎಲೆಎಲೆಗಳ ಮಧ್ಯೆ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಒದ್ದೆ ಎಲೆ ಅಂಟುತ್ತದೆ, ಎಲೆ ಮೇಲೆ ಕೆಸರು ಕೂರುತ್ತದೆ. ಆಮೇಲೆ ಅದು ಗೋಡೆ ಇದ್ದ ಹಾಗೆ. ಹೋದ ವರ್ಷ ಅಕ್ಕಿ ಡಬ್ಬದ ಕೆಳಗೆ ಇಟ್ಟಿಗೆ ಕೊಟ್ಟು ಕೊಟ್ಟು, ಕೊನೆಗೆ ಇಟ್ಟಿಗೆಯೇ ಮುಗಿಯಿತು. ಅತ್ತೆಯವರನ್ನು ಮಂಚದ ಮೇಲೆ ಕೂರಿಸಿ ರಾತ್ರಿ ಕಳೆದೆವು.

ನಿಮ್ಮೆಲ್ಲರಲ್ಲಿ ನನ್ನದೊಂದೇ ಕೋರಿಕೆ. ಮಳೆ ನಿಂತ ಕೂಡಲೇ ಗೇಟಿನ ಮುಂದೆ ಗುಡಿಸುವ ಮೊದಲು ಮೋರಿಯ ಬಾಯಿ ನೋಡಿ. ಜಾಲರಿ ಮೇಲಿನ ಎಲೆಯನ್ನು ಕೈಯಲ್ಲಿ ಎತ್ತಿ ಮೇಲೆ ಹಾಕಿ, ಒಳಗೆ ನೂಕಬೇಡಿ. ಮುಂಗಾರು ಮುಂಚಿನ ಮಳೆ ಒಂದೇ ದಿನಕ್ಕೆ ನಿಲ್ಲುವುದಿಲ್ಲ, ಮಾರನೇ ಸಂಜೆ ಮತ್ತೆ ಬರುತ್ತದೆ. ನಮಗೆ ಇರುವುದು ಆ ಒಂದು ಹಗಲು.


ನಾಲ್ಕನೇ ಕ್ರಾಸ್ – ಕುವೆಂಪುನಗರ, ಮೈಸೂರು

ಮೇಡಂ, ಓದಿ ಎದೆ ಭಾರ ಆಯಿತು. ನಿಜ ಹೇಳುತ್ತೇನೆ, ನಾವು ಮೋರಿಯಿಂದ ದೂರ ಹಾಕಿದ್ದು ನಮ್ಮ ಬೀದಿಯಲ್ಲಿ ನೀರು ನಿಲ್ಲಬಾರದು ಅಂತ. ಕೆಳಗಿನವರ ಬಗ್ಗೆ ಯೋಚನೆ ಮಾಡಿರಲಿಲ್ಲ. ಈಗಷ್ಟೇ ಹೋಗಿ ನೋಡಿಕೊಂಡು ಬಂದೆ. ತಿರುವಿನ ಜಾಲರಿ ಮೇಲೆ ಒಂದು ಬುಟ್ಟಿಯಷ್ಟು ಗುಲ್‌ಮೊಹರ್ ಎಲೆ ಇತ್ತು. ತೆಗೆದು ಗುಡ್ಡೆಗೆ ಹಾಕಿದ್ದೇನೆ.


ಗದ್ದೆ ಬಯಲು – ಪಾಂಡವಪುರ ತಾಲ್ಲೂಕು, ಮಂಡ್ಯ

ಪಟ್ಟಣದ ಮಾತಿನ ಮಧ್ಯೆ ಹಳ್ಳಿಯದ್ದೂ ಒಂದಿಷ್ಟು ಸೇರಲಿ ಅಣ್ಣ. ನಮ್ಮ ಕಡೆ ಅದೇ ಗಾಳಿಗೆ ಬಾಳೆ ಮಲಗಿತು. ಗೊನೆ ಬಿಟ್ಟು ಇನ್ನೊಂದು ತಿಂಗಳಿಗೆ ಕಟಾವಿಗೆ ಬರಬೇಕಿದ್ದ ತೋಟ. ಗೊನೆ ಭಾರಕ್ಕೆ ನಡುವಿಗೆ ಮುರಿದಿದೆ, ಕೆಲವು ಗಡ್ಡೆ ಸಮೇತ ಎದ್ದಿವೆ.

ರೈತರಿಗೆ ಮೊದಲ ಮಾತು: ಬಿದ್ದದ್ದನ್ನು ನೋಡಲು ಆಗದೆ ಅವತ್ತೇ ಕಡಿದು ತೆಗೆಯಬೇಡಿ. ಸರ್ವೆ ನಂಬರ್ ಗೊತ್ತಾಗುವ ಹಾಗೆ ನಾಲ್ಕು ಮೂಲೆಯಿಂದ ಫೋಟೋ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿಗೆ, ತೋಟಗಾರಿಕೆ ಇಲಾಖೆಗೆ ಬರವಣಿಗೆಯಲ್ಲಿ ಕೊಡಿ, ಅವರು ಬಂದು ನೋಡಲಿ. ಶೇ. 33ಕ್ಕಿಂತ ಕಡಿಮೆ ಹಾನಿ ಆಗಿದ್ದರೆ ಸರ್ಕಾರದ ಬೆಳೆ ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ. ಮುಂಚೆ ಅದು ಶೇ. 50 ಇತ್ತು, 2015ರಲ್ಲಿ ಇಳಿಸಿದರು. ಕಡಿದು ಗುಡ್ಡೆ ಹಾಕಿದ ಮೇಲೆ ಎಷ್ಟು ಹೋಯಿತು ಅಂತ ಯಾರಿಗೆ ತೋರಿಸುವುದು? ಮನೆ ಹೆಂಚು ಹಾರಿದ್ದರೂ ಅಷ್ಟೇ. ಮಳೆಗೆ ಟಾರ್ಪಾಲು ಕಟ್ಟಿ, ಆದರೆ ಮೊದಲು ಫೋಟೋ.

ಎರಡನೆಯದು ನಾಲೆಯ ವಿಚಾರ. ಬಾಳೆ ದಿಂಡನ್ನು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ, ಹಳ್ಳಕ್ಕೆ ಉರುಳಿಸಿ ಕೈ ತೊಳೆದುಕೊಳ್ಳುವವರು ಇದ್ದಾರೆ. ಅದು ತೂಬಿನ ಬಾಯಿಗೆ ಹೋಗಿ ಕೂರುತ್ತದೆ. ಕೆಳಗಿನ ಗದ್ದೆಯವನಿಗೆ ನೀರಿಲ್ಲ. ದಿಂಡಿನಲ್ಲಿ ಇರುವುದೆಲ್ಲ ನೀರು. ಎರಡು ಸೀಳಾಗಿ ಸೀಳಿ, ಮೊಳದುದ್ದ ಕತ್ತರಿಸಿ ಸಾಲಿನ ಮಧ್ಯೆ ಹರಡಿ. ಬೇಸಿಗೆಯಲ್ಲಿ ಅದರ ಅಡಿ ಕೈ ಇಟ್ಟರೆ ತಣ್ಣಗೆ ಇರುತ್ತದೆ, ಎರೆಹುಳ ಬಂದಿರುತ್ತದೆ. ನಾನು ಅದರ ಮೇಲೆ ಜೀವಾಮೃತ ಎರಚುತ್ತೇನೆ.

ತೆಂಗು ಬಿದ್ದಿದ್ದರೆ ಮಾತ್ರ ಬೊಡ್ಡೆಯನ್ನು ತೋಟದಲ್ಲೇ ಕೊಳೆಯಲು ಬಿಡಬೇಡಿ. ಸುಳಿ ತಿನ್ನುವ ಕೊಂಬಿನ ದುಂಬಿ ಮರಿ ಮಾಡುವುದೇ ಅಂಥ ಕೊಳೆತ ಬೊಡ್ಡೆಯಲ್ಲಿ. ಬಿದ್ದದ್ದು ಒಂದು ಮರ, ಮುಂದಿನ ವರ್ಷ ಹತ್ತು ಮರದ ಸುಳಿ ಹೋಗುತ್ತದೆ. ಸೀಳಿಸಿ ಸೌದೆ ಮಾಡಿ, ಇಲ್ಲ ತೊಲೆಗೆ ಕೊಡಿ.


ಮಗಳ ಮನೆಗೆ ಹೋಗಿ ಬಂದವಳು – ಸರಸ್ವತಿಪುರಂ, ಮೈಸೂರು

ನಾನು 2024ರ ಕೊನೆಯಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮಗಳ ಮನೆಯಲ್ಲಿದ್ದೆ. ಸೆಪ್ಟೆಂಬರ್ ಕೊನೆಯ ವಾರ ಹೆಲೀನ್ ಅನ್ನುವ ಚಂಡಮಾರುತ ಬಂತು. ಗುಡ್ಡಗಾಡಿನ ಆಶ್‌ವಿಲ್ ಊರಿನ ಕಡೆ ಬಹಳ ಹಾನಿ. ಮಗಳ ಸ್ನೇಹಿತೆ ಮನೆ ಅಲ್ಲೇ, ಹದಿನೈದು ದಿನ ಬಿಟ್ಟು ನೋಡಲು ಹೋದೆವು.

ನಾಲ್ಕನೇ ಕ್ರಾಸಿನವರು ಬರೆದದ್ದನ್ನು ಓದುವಾಗ ಅದೇ ಕಣ್ಮುಂದೆ ಬಂತು. ಅಲ್ಲಿ ಎಲ್ಲರ ಮನೆ ಮುಂದೆ, ರಸ್ತೆ ಅಂಚಿಗೆ, ಬೇರೆ ಬೇರೆ ಗುಡ್ಡೆಗಳು. ಮರಗಿಡದ್ದು ಒಂದು. ಗೋಡೆ ಹಲಗೆ, ನೆಲಹಾಸು, ಹೆಂಚಿನಂಥದ್ದು ಒಂದು. ಫ್ರಿಡ್ಜು, ಒಲೆ ಬೇರೆ. ಟಿವಿ, ಕಂಪ್ಯೂಟರ್ ಬೇರೆ. ಬಣ್ಣದ ಡಬ್ಬ, ಬ್ಯಾಟರಿ, ಕೀಟನಾಶಕ ಬೇರೆ. ದಿನದ ಅಡುಗೆಮನೆ ಕಸ ಬೇರೆ. ಕರೆಂಟ್ ತಂತಿ ಕೆಳಗೆ, ನೀರಿನ ಮೀಟರ್ ಹತ್ತಿರ, ಅಗ್ನಿಶಾಮಕದವರ ನಲ್ಲಿ ಹತ್ತಿರ ಹಾಕುವಂತಿಲ್ಲ. ಯಾಕೆ ಅಂದರೆ ಎತ್ತುವ ಲಾರಿಗೆ ಆನೆ ಸೊಂಡಿಲಿನಂಥ ಕೈ ಇರುತ್ತದೆ, ಅದು ಮೇಲೆ ತಿರುಗಲು ಜಾಗ ಬೇಕು. ಮರದ ಗುಡ್ಡೆಯನ್ನು ಒಂದು ಬಯಲಿಗೆ ಸಾಗಿಸಿ ದೊಡ್ಡ ಯಂತ್ರದಲ್ಲಿ ಪುಡಿ ಮಾಡುತ್ತಿದ್ದರು.

ಅಷ್ಟು ಯಂತ್ರ ಇದ್ದೂ ಅಲ್ಲಿ ತಿಂಗಳುಗಟ್ಟಲೆ ಹಿಡಿಯಿತು. ನಾನು ಮೈಸೂರಿಗೆ ವಾಪಸ್ ಹೊರಟಾಗಲೂ ಗುಡ್ಡೆಗಳಿದ್ದವು. ಆದರೆ ಒಂದು ಗುಡ್ಡೆ ಮೇಲೆ ಇನ್ನೊಂದು ಬಿದ್ದಿರಲಿಲ್ಲ. ಸ್ನೇಹಿತೆಯ ಪಕ್ಕದ ಮನೆಯ ವಯಸ್ಸಾದ ಹೆಂಗಸು ತನ್ನ ಕೈತೋಟದ ಒಣಗಿದ ಹೂಗಿಡಗಳನ್ನು ಒಂದೊಂದಾಗಿ ಮರದ ಗುಡ್ಡೆಗೆ ಇಟ್ಟು ಬರುತ್ತಿದ್ದರು. ಮನೆ ಅರ್ಧ ಹೋಗಿತ್ತು ಅವರದು.


ಪೊರಕೆ ಹಿಡಿದವರ ಮಗಳು – ಮೈಸೂರು

ಎಲ್ಲರೂ ಗುಡ್ಡೆ ಬಗ್ಗೆ ಬರೆಯುತ್ತಿದ್ದೀರಿ. ಆ ಗುಡ್ಡೆ ಎತ್ತುವ ಕೈ ನಮ್ಮಮ್ಮನದು. ಅವರು ಪೌರಕಾರ್ಮಿಕರು. ನಾನು ಬಿ.ಕಾಂ. ಎರಡನೇ ವರ್ಷ.

ಮಳೆ ಬಂದ ಮಾರನೇ ದಿನ ಅಮ್ಮ ನಾಲ್ಕೂವರೆಗೇ ಎದ್ದು ಹೋಗುತ್ತಾರೆ. ಒದ್ದೆ ಎಲೆ ಒಣ ಎಲೆಯ ಮೂರು ಪಟ್ಟು ಭಾರ ಅಂತ ಅವರು ಹೇಳುತ್ತಾರೆ. ಭಾರ ಹೇಗೋ ಎತ್ತುತ್ತಾರೆ. ಹೆದರುವುದು ಒಳಗೆ ಏನಿದೆ ಅಂತ. ಗಾಳಿಗೆ ಒಡೆದ ಕಿಟಕಿ ಗಾಜನ್ನು ಜನ ಎಲೆ ಜೊತೆಗೇ ಗುಡಿಸಿ ಹಾಕುತ್ತಾರೆ. ಎಲೆಯೊಳಗೆ ಗಾಜು ಕಾಣುವುದಿಲ್ಲ. ಎರಡು ವರ್ಷದ ಹಿಂದೆ ಅಮ್ಮ ಎರಡೂ ಕೈಯಿಂದ ಬಾಚಿ ತಬ್ಬಿ ಎತ್ತುವಾಗ ಗಾಜು ಮುಂಗೈಗೆ ಇಳಿಯಿತು. ಏಳು ಹೊಲಿಗೆ. ಈಗಲೂ ಚಪಾತಿ ಹಿಟ್ಟು ನಾದುವಾಗ ಹೆಬ್ಬೆರಳು ಸರಿಯಾಗಿ ಮಡಿಸಲು ಆಗುವುದಿಲ್ಲ.

ಗಾಜು, ಟ್ಯೂಬ್‌ಲೈಟ್, ಮೊಳೆ ಇರುವ ರೀಪು ಇದ್ದರೆ ಬೇರೆ ಡಬ್ಬದಲ್ಲಿ ಹಾಕಿ. ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಲ್ಲಿ ಗಾಜು ಅಂತ ಬರೆಯಿರಿ. ಕೈಗೆ ಕೊಟ್ಟು ಬಾಯಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಕೊಂಬೆಗಳನ್ನು ಒಂದೇ ದಿಕ್ಕಿಗೆ ಬುಡ ಮಾಡಿ, ನಾಲ್ಕು ಅಡಿ ಉದ್ದ ಕತ್ತರಿಸಿ ಜೋಡಿಸಿಟ್ಟರೆ ಇಬ್ಬರು ಹೆಂಗಸರು ಎತ್ತಿ ಗಾಡಿಗೆ ಹಾಕಬಹುದು. ಸಿಕ್ಕಾಪಟ್ಟೆ ಹೆಣೆದುಕೊಂಡಿದ್ದರೆ ಅದನ್ನು ಬಿಡಿಸುವುದೇ ಒಂದು ಹೊತ್ತಿನ ಕೆಲಸ.


ನಾಲ್ಕನೇ ಕ್ರಾಸ್ – ಕುವೆಂಪುನಗರ, ಮೈಸೂರು

ತಾಯಿ, ನಿನ್ನ ಮಾತನ್ನು ಪ್ರಿಂಟ್ ಮಾಡಿಸಿ ನಮ್ಮ ಪಾರ್ಕಿನ ಬೋರ್ಡಿಗೆ ಹಾಕುತ್ತೇನೆ. ನಮ್ಮ ಕೊಂಬೆಗಳು ಹೆಣೆದುಕೊಂಡೇ ಇದ್ದವು. ನಾಳೆ ಬೆಳಗ್ಗೆ ಬಿಡಿಸಿ ಬುಡ ಒಂದು ಕಡೆ ಮಾಡುತ್ತೇವೆ. ಅಮ್ಮನಿಗೆ ನಮಸ್ಕಾರ ಹೇಳು.

ಇನ್ನೊಂದು ಪ್ರಶ್ನೆ ಇದೆ. ಒಡೆದ ಸಿಮೆಂಟ್ ಶೀಟನ್ನು ಗುಡಿಸಿ ಮೂಟೆ ಕಟ್ಟಬಹುದಾ? ಯಾರಾದರೂ ಹೇಳಿ.


ಮೇಸ್ತ್ರಿ – ಶ್ರೀರಂಗಪಟ್ಟಣ, ಮಂಡ್ಯ

ಗುಡಿಸಬೇಡಿ ಸರ್. ಸಿಮೆಂಟ್ ಶೀಟಿನಲ್ಲಿ, ಅದರಲ್ಲೂ ಹಳೆಯದರಲ್ಲಿ, ಆಸ್ಬೆಸ್ಟಾಸ್ ನಾರು ಇರುತ್ತದೆ. ಇಡಿಯಾಗಿ ಇದ್ದಾಗ ಅದರ ಪಾಡಿಗೆ ಇರುತ್ತದೆ. ಒಡೆದಾಗ, ಕುಯ್ದಾಗ, ಒಣ ಪೊರಕೆಯಲ್ಲಿ ಗುಡಿಸಿದಾಗ ಆ ಧೂಳು ಎದೆಯೊಳಗೆ ಹೋಗುತ್ತದೆ. ವರ್ಷಗಟ್ಟಲೆ ಆದ ಮೇಲೆ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ತರುತ್ತದೆ. ಮೊದಲು ಚೆನ್ನಾಗಿ ನೀರು ಚಿಮುಕಿಸಿ ನೆನೆಸಿ. ಮಾಸ್ಕ್ ಹಾಕಿ. ಚೂರುಗಳನ್ನು ಕೈಗವಸು ಹಾಕಿ ಎತ್ತಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಉಳಿದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಅದೇ ಚೀಲಕ್ಕೆ ಹಾಕಿ. ಗುಂಡಿ ಮುಚ್ಚಲು, ಕಸ ಎತ್ತಲು ಆ ಚೂರು ಬಳಸಬೇಡಿ. ಮಕ್ಕಳು ಅದರಲ್ಲಿ ಕುಂಟಾಬಿಲ್ಲೆ ಆಡುತ್ತಾರೆ, ತಡೆಯಿರಿ.

ಇನ್ನು ಮಹಡಿ ಮೇಲೆ ಶೀಟು ಕೂರಿಸುವವರು ಕಲ್ಲು, ಟೈರ್ ಹೇರಿ ಸುಮ್ನೆ ಬಿಡಬೇಡಿ. ಗಾಳಿ ಶೀಟನ್ನು ಕೆಳಗಿನಿಂದ ಎತ್ತುತ್ತದೆ. ಆಗ ಆ ಕಲ್ಲೂ ಹಾರಿ ಬೀಳುತ್ತದೆ. ಶೀಟನ್ನು ಅಡಿಯ ಪೈಪಿಗೆ ಬಿಗಿಯುವ ಕೊಕ್ಕೆಯಂಥ ಜೆ ಬೋಲ್ಟ್ ಹಾಕಿಸಿ.


ಬೇಸರ ಆಗಿದೆ – ಜೆ.ಪಿ. ನಗರ, ಮೈಸೂರು

ನನ್ನ ಮಾತು ಕೆಲವರಿಗೆ ಇಷ್ಟ ಆಗದಿರಬಹುದು. ಪ್ರತಿ ವರ್ಷ ಬೀಳುವುದು ಅದೇ ಗುಲ್‌ಮೊಹರ್, ಅದೇ ಕಾಪರ್‌ಪಾಡ್. ನನ್ನ ತಮ್ಮನ ಆಟೋ ಮೇಲೆ ಕೊಂಬೆ ಬಿದ್ದು ಎರಡು ತಿಂಗಳ ದುಡಿಮೆ ಹೋಯಿತು. ಬಿದ್ದ ಮೇಲೆ ಗುಡ್ಡೆ ವಿಂಗಡಿಸುವುದಕ್ಕಿಂತ ಬೀಳುವ ಮುಂಚೆಯೇ ಎಲ್ಲ ಕಡಿದುಬಿಟ್ಟರೆ ಆಗುವುದಿಲ್ಲವೇ?


ಬೇರಿನ ಕಡೆ ನೋಡಿ – ಮಾನಸಗಂಗೋತ್ರಿ ಹತ್ತಿರ, ಮೈಸೂರು

ನಿಮ್ಮ ತಮ್ಮನಿಗೆ ಆದ ನಷ್ಟ ಸಣ್ಣದಲ್ಲ ಸರ್. ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ನಾನು ಸಸ್ಯಶಾಸ್ತ್ರ ಪಾಠ ಮಾಡುವವನು. ಗಾಳಿಗೆ ಬಿದ್ದ ಮರ ಕಂಡರೆ ಮೊದಲು ಬುಡದ ಹತ್ತಿರ ಹೋಗಿ ಕೂರುತ್ತೇನೆ. ನೀವೂ ಒಮ್ಮೆ ನೋಡಿ.

ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದ ಮರ. ಬೇರು ಮೇಲುಮೇಲಕ್ಕೆ ಹರಡುತ್ತದೆ, ಕಟ್ಟಿಗೆ ಮೆದು. ಮಳೆಮರ ದಕ್ಷಿಣ ಅಮೆರಿಕದ ಕಡೆಯದು, ಕೊಡೆ ಅಗಲ. ಇವೆಲ್ಲ ವಿಶಾಲ ಜಾಗ ಬೇಡುವ ಮರಗಳು. ಅವುಗಳನ್ನು ಮೂರಡಿ ಅಗಲದ ಫುಟ್‌ಪಾತಿನಲ್ಲಿ ನೆಟ್ಟೆವು. ಆಮೇಲೆ ಒಂದು ಕಡೆ ಚರಂಡಿಗೆ ಅಗೆದು ಬೇರು ಕಡಿದೆವು, ಇನ್ನೊಂದು ಕಡೆ ಕೇಬಲ್‌ಗೆ ಅಗೆದು ಕಡಿದೆವು. ಕಾಂಡಕ್ಕೆ ತಾಗುವ ಹಾಗೆ ಕಾಂಕ್ರೀಟು ಸುರಿದೆವು. ತಂತಿಗೆ ತಾಗುತ್ತದೆ ಅಂತ ಒಂದೇ ಮಗ್ಗುಲಿನ ಕೊಂಬೆ ಕಡಿದೆವು. ಹೀಗೆ ಒಂದು ಕಡೆಗೆ ವಾಲಿದ ಭಾರ, ಅದನ್ನು ಹಿಡಿಯುವ ಬೇರಿಲ್ಲ. ಗಾಳಿಗೆ ಉರುಳದೆ ಇನ್ನೇನು ಮಾಡುತ್ತದೆ? ಹೋದ ವಾರ ಬಿದ್ದ ಒಂದು ಮರದ ಬುಡದಲ್ಲಿ ತೊಡೆ ಗಾತ್ರದ ಬೇರು ಕತ್ತಿಯಲ್ಲಿ ಕುಯ್ದ ಬೆಣ್ಣೆಯ ಹಾಗೆ ಸಪಾಟಾಗಿತ್ತು. ಅದು ಗಾಳಿ ಮಾಡಿದ ಗಾಯ ಅಲ್ಲ.

ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಯಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2013ರಲ್ಲೇ ಹೇಳಿತು. ನಮ್ಮ ಬೀದಿಯಲ್ಲಿ ಅದನ್ನು ಮಾಡಲು ಯಾವ ಆದೇಶವೂ ಬೇಕಿಲ್ಲ ಅಂತ ನನ್ನ ಭಾವನೆ. ಪಾಲಿಕೆಯವರ ಒಪ್ಪಿಗೆ ಪಡೆದು ಒಂದು ಭಾನುವಾರ ಕೂತರೆ ಸಾಕು.

ಬುಡ ಎದ್ದು ಬಿದ್ದ ಮರಗಳೆಲ್ಲ ಸತ್ತಂತೆಯೂ ಅಲ್ಲ. 2020ರ ಮೇ ತಿಂಗಳಲ್ಲಿ ಅಂಫಾನ್ ಚಂಡಮಾರುತಕ್ಕೆ ಕೋಲ್ಕತ್ತದಲ್ಲಿ ಸಾವಿರಾರು ಮರ ಬಿದ್ದವು. ರವೀಂದ್ರ ಸರೋವರದ ಸುತ್ತ ಬಿದ್ದ ಕೆಲವು ಮರಗಳನ್ನು ಕೊಂಬೆ ಸವರಿ, ಎತ್ತಿ ನಿಲ್ಲಿಸಿ ಮತ್ತೆ ನೆಟ್ಟರು. ಹೊಂಗೆ, ಅರಳಿ, ಆಲದಂಥ ಮರ ಚಿಕ್ಕದಿದ್ದರೆ ನಾವೂ ಪ್ರಯತ್ನಿಸಬಹುದು. ಬೇರು ಒಣಗುವ ಮುಂಚೆ ಒದ್ದೆ ಗೋಣಿ ಹೊದಿಸಬೇಕು.

ಗರಗಸ ಹಿಡಿಯುವವರಿಗೆ ಒಂದು ಎಚ್ಚರಿಕೆ. ಬುಡಸಮೇತ ಬಿದ್ದ ಮರದ ಕಾಂಡ ಕತ್ತರಿಸಿದ ಕ್ಷಣ, ಆ ಕಡೆ ಭಾರ ಹೋಗಿ ಬೇರಿನ ಗಡ್ಡೆ ತಟ್ಟನೆ ಗುಂಡಿಗೆ ವಾಪಸ್ ಬೀಳುತ್ತದೆ. ಮಕ್ಕಳು ಆ ಗುಂಡಿಯಲ್ಲಿ ಇಳಿದು ಆಡುತ್ತಿರುತ್ತಾರೆ. ಬಾಗಿ ಒತ್ತಿಕೊಂಡ ಕೊಂಬೆ ಕೂಡ ಕತ್ತರಿಸಿದರೆ ಬಿಲ್ಲಿನ ಹಾಗೆ ಹೊಡೆಯುತ್ತದೆ. ದೊಡ್ಡ ಮರವನ್ನು ಪಾಲಿಕೆಯ ತುರ್ತು ಕೆಲಸದ ಅಭಯ ತಂಡದವರಿಗೋ ಅಗ್ನಿಶಾಮಕದವರಿಗೋ ಬಿಡಿ.


ಹೊಸಬ – ವಿಜಯನಗರ, ಮೈಸೂರು

ನಮ್ಮ ಕಾಂಪೌಂಡಿನ ಮರ ಬಿದ್ದಿದೆ. ಕಡಿಸಲು ಯಾರನ್ನಾದರೂ ಕೇಳಬೇಕಾ? ರಸ್ತೆಯಲ್ಲಿ ಬಿದ್ದ ದಿಮ್ಮಿಯನ್ನು ಸೌದೆಗೆ ತರಬಹುದಾ?


ಬೇರಿನ ಕಡೆ ನೋಡಿ – ಮಾನಸಗಂಗೋತ್ರಿ ಹತ್ತಿರ, ಮೈಸೂರು

ಸ್ವಂತ ಜಾಗದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ವೃಕ್ಷಾಧಿಕಾರಿಗೆ ಅರ್ಜಿ ಕೊಡಿ. ಗಾಳಿಗೆ ಬಿದ್ದ ಮರ, ಒಣಗಿದ ಮರ, ಜೀವಕ್ಕೆ ಅಪಾಯ ತರುವ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಫೋಟೋ ಇಟ್ಟುಕೊಳ್ಳಿ. ರಸ್ತೆ ಮರದ ದಿಮ್ಮಿ ಸಾರ್ವಜನಿಕ ಆಸ್ತಿ, ಕೇಳದೆ ತರಬೇಡಿ.


ಗೊಬ್ಬರ ಮೇಷ್ಟ್ರು – ಬೋಗಾದಿ, ಮೈಸೂರು

ಸೊಪ್ಪನ್ನು ಬೀದಿಯಲ್ಲೇ ಮುಗಿಸಬಹುದು ಅಂತ ಹೇಳಲು ಬಂದೆ. 2015 ಮತ್ತು 2016ರಲ್ಲಿ ಮೈಸೂರು ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲು ಬಂತು. ಆಗ ಬೇರೆ ಊರಿನವರು ಕುಂಬಾರಕೊಪ್ಪಲಿನ ಕಸ ಘಟಕ ನೋಡಲು ಬರುತ್ತಿದ್ದರು. ಬೇರೆ ಮಾಡಿ ಕೊಟ್ಟ ಕಸ ಕಸವಲ್ಲ ಅಂತ ಅಲ್ಲಿ ಕಣ್ಣಾರೆ ಕಂಡಿದ್ದೇವೆ. ವಿದ್ಯಾರಣ್ಯಪುರದ ಸೂಯೇಜ್ ಫಾರಂನಲ್ಲಿ ಬೆಟ್ಟದ ಹಾಗೆ ಬಿದ್ದದ್ದು ಬೆರೆಸಿ ಕೊಟ್ಟ ಕಸ.

ಪಾರ್ಕಿನಲ್ಲಿ ನೆರಳಿರುವ ಮೂಲೆ ಸಾಕು. ನಾಲ್ಕಡಿ ಅಗಲದ ಕಬ್ಬಿಣದ ಬಲೆಯನ್ನು ಸುತ್ತಿ ನಿಲ್ಲಿಸಿ. ಅಡಿಗೆ ಬೆರಳು ಗಾತ್ರದ ಕಡ್ಡಿ ಹಾಕಿ, ಗಾಳಿ ಆಡಲಿ. ಮೇಲೆ ಒಣ ತರಗು ಒಂದು ಪದರ, ಹಸಿ ಸೊಪ್ಪು ಒಂದು ಪದರ, ಸಗಣಿ ನೀರು. ಗುಲ್‌ಮೊಹರ್ ಎಲೆ ಸಣ್ಣದು, ಬೇಗ ಕರಗುತ್ತದೆ. ಅದರ ಕಾಯಿ ಮಾತ್ರ ಮರದ ಹಾಗೆ ಗಟ್ಟಿ, ಆರಿಸಿ ತೆಗೆಯಿರಿ. ಗುಡ್ಡೆ ಕನಿಷ್ಠ ಮೂರಡಿ ಎತ್ತರ ಇರಬೇಕು, ಇಲ್ಲದಿದ್ದರೆ ಕಾವು ಏರುವುದಿಲ್ಲ. ನಾಲ್ಕನೇ ದಿನ ಬೆಳಗ್ಗೆ ಮಧ್ಯಕ್ಕೆ ಕೈ ಹಾಕಿ ನೋಡಿ. ಬಿಸಿನೀರಿನ ಹಂಡೆಗೆ ಕೈ ಇಟ್ಟಂತೆ ಚುರ್ ಅನ್ನುತ್ತದೆ, ಹಬೆ ಬರುತ್ತದೆ. ಹೊಸ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ ಇದೆ. ಕೊಳೆತ ಮೊಟ್ಟೆ ವಾಸನೆ ಬಂದರೆ ನೀರು ಜಾಸ್ತಿ ಆಗಿದೆ, ತಿರುವಿ ತರಗು ಸೇರಿಸಿ. ಹದಿನೈದು ದಿನಕ್ಕೊಮ್ಮೆ ತಿರುವಿದರೆ ಮೂರು ನಾಲ್ಕು ತಿಂಗಳಿಗೆ ಗೊಬ್ಬರ. ಅಂದರೆ ಈಗ ಹಾಕಿದ್ದು ಗೌರಿ ಗಣೇಶ ಹಬ್ಬದ ಹೊತ್ತಿಗೆ ಸಿಗುತ್ತದೆ.

ಬೆಂಕಿ ಇಡುವುದು ಕಾನೂನಿನಲ್ಲೂ ತಪ್ಪು. 2016ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಾಧಿಕರಣ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಹೇಳಿದೆ. ನಾಲ್ಕನೇ ಕ್ರಾಸಿನವರ ಬೇವಿನ ಕಥೆ ಓದಿ ನನಗೆ ದಂಡಕ್ಕಿಂತ ಅದೇ ಮನಸ್ಸಿನಲ್ಲಿ ಉಳಿಯಿತು.


ಆಶಾ – ಮಂಡ್ಯ

ಒಂದು ಸಣ್ಣ ವಿಷಯ. ಚಿಪ್ಪು, ಎಳನೀರು ಬುರುಡೆ, ಟಾರ್ಪಾಲಿನ ಮಡಿಕೆ, ಬಿದ್ದ ಶೀಟಿನ ಗುಂಡಿಗಳಲ್ಲಿ ನೀರು ನಿಂತರೆ ಎಂಟು ಹತ್ತು ದಿನಕ್ಕೆ ಡೆಂಗಿ ಸೊಳ್ಳೆ ಹಾರುತ್ತದೆ. ಗುಡ್ಡೆ ಎತ್ತಲು ತಡ ಆದರೂ ನೀರು ಚೆಲ್ಲಲು ತಡ ಮಾಡಬೇಡಿ. ವಾರಕ್ಕೊಮ್ಮೆ ಸಾಕು.


ನಾಲ್ಕನೇ ಕ್ರಾಸ್ – ಕುವೆಂಪುನಗರ, ಮೈಸೂರು

ಶನಿವಾರದ ಸುದ್ದಿ. ಬೆಳಗ್ಗೆ ಎಂಟಕ್ಕೆ ಟ್ರ್ಯಾಕ್ಟರ್ ಬಂತು. ಕೊಂಬೆಗಳೆಲ್ಲ ನಾಲ್ಕಡಿ ಉದ್ದ, ಬುಡ ಒಂದೇ ಕಡೆ. ನಲವತ್ತು ನಿಮಿಷದಲ್ಲಿ ತುಂಬಿ ಮುಗಿಯಿತು. ತುಂಬಿದವರಲ್ಲಿ ಒಬ್ಬರು ಹೋದ ವರ್ಷ ಬಂದವರೇ. ಗುರುತು ಹಿಡಿದು ನಕ್ಕರು. ಮಜ್ಜಿಗೆ ಕೊಟ್ಟೆವು. ಗಾಜಿನ ಡಬ್ಬವನ್ನು ಕೈಗೆ ಕೊಟ್ಟು ಹೇಳಿದೆವು. ಶೀಟಿನ ಚೀಲ ಬೇರೆ ಹೋಯಿತು.

ಸೊಪ್ಪನ್ನು ಕಳಿಸಲಿಲ್ಲ. ಮೇಷ್ಟ್ರು ಹೇಳಿದ ಹಾಗೆ ಬಲೆ ಸುತ್ತಿ ಎರಡು ಗುಡ್ಡೆ ಮಾಡಿದ್ದೇವೆ. ಬೇವಿನ ಬುಡದ ಸುತ್ತ ಕಾಂಕ್ರೀಟು ಒಡೆಯಲು ಅರ್ಜಿ ಕೊಟ್ಟಾಗಿದೆ. ಆ ಸುಟ್ಟ ಮಗ್ಗುಲು ಮತ್ತೆ ಚಿಗುರುತ್ತದಾ ಸರ್?


ಬೇರಿನ ಕಡೆ ನೋಡಿ – ಮಾನಸಗಂಗೋತ್ರಿ ಹತ್ತಿರ, ಮೈಸೂರು

ತೊಗಟೆ ಸುತ್ತಲೂ ಸುಟ್ಟಿಲ್ಲ ಅಂದರೆ ಮರ ಬದುಕುತ್ತದೆ. ಗಾಯದ ಅಂಚಿನಿಂದ ಹೊಸ ತೊಗಟೆ ತುಟಿಯ ಹಾಗೆ ಉಬ್ಬಿ ಬರುತ್ತಿದೆಯಾ ನೋಡಿ. ಆ ಕಡೆಯ ಒಣ ಕೊಂಬೆ ಮಾತ್ರ ಮುಂದಿನ ಗಾಳಿಗೆ ಮುಂಚೆ ತೆಗೆಸಿ. ಭಾನುವಾರ ನಾನೇ ಬಂದು ನೋಡುತ್ತೇನೆ.


ಕಾಲುವೆ ಪಕ್ಕದ ಮನೆ – ರಾಮಕೃಷ್ಣನಗರ, ಮೈಸೂರು

ನಿನ್ನೆ ರಾತ್ರಿ ಮತ್ತೆ ಜೋರು ಮಳೆ ಬಂತಲ್ವಾ? ಹನ್ನೊಂದು ಗಂಟೆಗೆ ನಾನೂ ನಮ್ಮವರೂ ಟಾರ್ಚ್ ಹಿಡಿದು ಸೇತುವೆ ಹತ್ತಿರ ನಿಂತಿದ್ದೆವು. ನೀರು ಕೆಂಪಗೆ, ಸದ್ದು ಮಾಡುತ್ತಾ, ಸೇತುವೆ ಅಡಿಯಿಂದ ಹಾದುಹೋಯಿತು. ಮನೆ ಮೆಟ್ಟಿಲು ಮುಟ್ಟಲಿಲ್ಲ. ತೆಂಗಿನ ಗರಿ ಒಂದೇ ಒಂದು ಬಂದಿತ್ತು. ನಮ್ಮವರು ದೋಟಿಯಲ್ಲಿ ಎಳೆದು ಮೇಲೆ ಹಾಕಿದರು. ಅತ್ತೆ ಬೆಳಗ್ಗೆ ಅದರ ಕಡ್ಡಿ ಸೀಳುತ್ತಾ ಕೂತಿದ್ದಾರೆ, ಪೊರಕೆಗೆ.